ಹದಿಮೂರಕ್ಕೆ ವಾಪಸ್ಸು

ಬೈಪಾಸು ಆದ ಮೇಲೆ ನಮ್ಮಂಗಡಿ ಮುಂದೆ ನಿಲ್ಲುವುದು
ಟಿಲ್ಲರು, ಹಾಲಿನ ಗಾಡಿ, ಕಬ್ಬಿನ ಟ್ರೇಲರು.
ಅಂಥದ್ದರಲ್ಲಿ ಒಂದು ಮಂಗಳವಾರ
ನನ್ನ ಸೊಂಟದೆತ್ತರದ ಕೆಂಪು ಕಾರೊಂದು ಬಂತು.
ಬಾಗಿಲು ತೆರೆದು ಮೊದಲು ಒಂದು ಕಾಲು, ಆಮೇಲೆ ಟವೆಲ್ಲು,
ಆಮೇಲೆ ಪೂರಾ ಪುಟ್ಟಮಾದಯ್ಯ,
ಮಂಡ್ಯ ಡಿಪೋದ ಮಾಜಿ ಡ್ರೈವರು.

ಮೂವತ್ತೊಂದು ವರ್ಷ ಬಸ್ಸು ತುಳಿದವರು
ರಿಟೈರಾದ ದುಡ್ಡಲ್ಲಿ ಸೈಟು ಕೊಳ್ಳಲಿಲ್ಲ.
ಕೊಡಗಿನ ಯಾವುದೋ ಎಸ್ಟೇಟಿನ ಶೆಡ್ಡಿನಿಂದ ಇದನ್ನು ತಂದರು:
ಎರಡೇ ಸೀಟು, ಆರುನೂರ ನಲವತ್ತು ಕೇಜಿ.
'ಹಿಂದ್ಗಡೆ ಸೀಟೇ ಇಲ್ಲ ಕಣವ್ವ ಶಾಹೀನಾ' ಎಂದರು
ಸಾಲ ತೀರಿದವರ ಹಾಗೆ.
'ಆದ್ರೆ ಮಂಕಾಗದೆ. ತಿರುವಲ್ಲಿ ಮಾತೇ ಆಡಕಿಲ್ಲ.'

ಹಳೇ ಯಜಮಾನರ ಮಗ ಚೆಂದಕ್ಕೆಂದು
ಹದಿನೈದರ ಅಲಾಯ್ ಹಾಕಿಸಿದ್ದ.
ಸ್ಟೇರಿಂಗು ಪೂರ್ತಿ ತಿರುಗಿಸಿದರೆ
ಮಡ್‌ಗಾರ್ಡಿನ ಒಳಂಚು ಟೈರಿನ ಹೆಗಲಿಗುಜ್ಜಿ
ಪಾತ್ರೆಯ ಹಾಗೆ ಬೆಳಗಿಕೊಂಡಿತ್ತು.
ಟೇಪು ಹಿಡಿದು ಲೆಕ್ಕ ಹಾಕಿದೆ:
ಮೀಟರು ಅರವತ್ತೆಂದಾಗ ಕಾರು ಅರವತ್ತೆರಡರಲ್ಲಿ.
'ಎರಡು ಕಿಲೋಮೀಟ್ರು ಸುಳ್ಳಾ?
ಡಿಪೋದಲ್ಲಾಗಿದ್ರೆ ಮೆಮೋ ಕೊಡೋರು.'

ಪಕ್ಕದ ಬೆಲ್ಲದ ಮಂಡಿಯ ತಕ್ಕಡಿ ಎಳೆದು ತಂದೆವು.
ಹದಿನೈದರ ಚಕ್ರ, ಟೈರು ಸಮೇತ, ಹದಿನೇಳೂವರೆ.
ಗೋಣಿಚೀಲದಲ್ಲಿ ಜೊತೆಗೇ ಬಂದಿದ್ದ
ಹಳೇ ಹದಿಮೂರರದು ಹನ್ನೊಂದು.
ಮಂಡಿಯ ಹುಡುಗ ಬಾಯಲ್ಲೇ ಕಳೆದು ಹೇಳಿದ:
'ಅರ್ಧ ಬಕೆಟ್ ಬೆಲ್ಲದ್ ಮೇಲೆ ಇನ್ನೊಂದಚ್ಚು.
ಒಂದೊಂದ್ ಕಾಲ್ಗೂ.'

ಹೆಗಲಿಗೆ ಮೂಟೆ ಹೊತ್ತವನು
ಹೇಗೋ ನಡೆದುಬಿಡುತ್ತಾನೆ.
ಗದ್ದೆಯಿಂದ ಎದ್ದವನ ಪಾದಕ್ಕೆ
ಮೆತ್ತಿದ ಕೆಸರು ಹಾಗಲ್ಲ,
ಬದು ಹತ್ತುವಾಗ ಗೊತ್ತಾಗುತ್ತದೆ.

ಗೋಣಿಯ ಟೈರುಗಳ ಗೀರು ಒಂಚೂರೂ ಸವೆದಿರಲಿಲ್ಲ.
ಪಕ್ಕೆಯ ಧೂಳೊರೆಸಿ ನಾಲ್ಕಂಕಿ ಓದಿದೆ:
ಎರಡು ಸಾವಿರದ ಒಂಬತ್ತು, ಮೂವತ್ತೊಂದನೇ ವಾರ.
ಉಗುರು ಒತ್ತಿದೆ. ಇಳಿಯಲಿಲ್ಲ.
'ಇದನ್ನ ಹಾಕ್ಕೊಡಲ್ಲ.'
'ಹೊಸದಿದ್ದಂಗದಲ್ಲವ್ವ!'
'ಸತ್ತಿದೆ ಮಾದಯ್ಯನೋರೇ. ಮುಖ ಮಾತ್ರ ಹಾಗೇ ಇದೆ.'
ಅವರು ಟವೆಲ್ಲಿನಿಂದ ಅದನ್ನು ಇನ್ನೊಮ್ಮೆ ಒರೆಸಿ
ಗೋಡೆಗೊರಗಿಸಿದರು, ಮೆಲ್ಲಗೆ.

ಹದಿಮೂರರಲ್ಲಿ ಒಳ್ಳೇದು ಈಗ ಯಾರೂ ಇಡುವುದಿಲ್ಲ.
ಮೈಸೂರಿಗೆ ಫೋನು, ಹಾಸನಕ್ಕೆ ಫೋನು,
'ವ್ಯಾನಿಂದು ಐತೆ, ಕಳಿಸ್ಲಾ?' ಅಂದವರಿಗೆ ಬೇಡವೆಂದು
ಕೊನೆಗೆ ಬೆಂಗಳೂರಿನಿಂದ, ಹನ್ನೊಂದನೇ ದಿನಕ್ಕೆ,
ನಾಲ್ಕು ಟೈರು ಬಸ್ಸಿನಲ್ಲೇ ಬಂದವು.
ನಾಲ್ಕಕ್ಕೂ ಲಗೇಜು ಟಿಕೇಟು ಹರಿದಿತ್ತು.
ಇಳಿಸಿಕೊಳ್ಳಲು ಹೋದ ಪುಟ್ಟಮಾದಯ್ಯನನ್ನು ಕಂಡು
ಕಂಡಕ್ಟರು ಎದ್ದು ನಿಂತನಂತೆ.

ರಿಮ್ಮಿನ ತುಕ್ಕು ಉಜ್ಜಿ, ಹೊಸ ವಾಲ್ವು ಕೂರಿಸಿ,
ಅಂಚಿಗೆ ಹದಿನೈದು ಗ್ರಾಮು ಸೀಸ ಬಡಿದು,
ನಟ್ಟುಗಳನ್ನು ಎದುರುಬದುರು ಬಿಗಿದು
ನಾನೂ ಪಕ್ಕ ಕೂತು ನಾಲೆ ಏರಿಗೆ ಹೋದೆವು.
ಅಂಗೈಯಗಲದ ಸ್ಟೇರಿಂಗು ಹಿಡಿದರೂ
ಅವರ ಮೊಣಕೈಗಳಿನ್ನೂ ಬಸ್ಸಿನಷ್ಟೇ ಅಗಲ;
ಒಂದು ನನ್ನ ಪಕ್ಕೆಗೆ ತಿವಿಯುತ್ತಿತ್ತು.
ಮೊದಲ ತಿರುವು. ಎರಡನೆಯದು.
ಜಲ್ಲಿಯೊಂದು ಸೀಟಿನ ಕೆಳಗೆ ಟಕ್ಕೆಂದಿತು.
'ಕೇಳುಸ್ತಾ?' ಎಂದರು.
ಆಮೇಲೆ ಅಂಗಡಿವರೆಗೂ ಮಾತಿಲ್ಲ.

ವಾರ ಬಿಟ್ಟು ಮತ್ತೆ ಬಂದರು.
'ಎಡಕ್ಕೆ ಎಳೀತದೆ ಕಣವ್ವ. ಚೂರು.'
ಅಲೈನ್‌ಮೆಂಟು ನೋಡಿದೆ, ಗಾಳಿ ನೋಡಿದೆ,
ಬೇರಿಂಗು ಅಲ್ಲಾಡಿಸಿದೆ. ಏನೂ ಇಲ್ಲ.
ಎಲ್ಲಿ ಎಳೆಯುತ್ತೆ ಅಂತ ಕೇಳಿದೆ.
ಕೆರಗೋಡು ರೋಡು, ಡಿಪೋ ಸೇರಿದಾಗಿನ ಅವರ ಮೊದಲ ರೂಟು.
ಹೋಗಿ ಇಳಿದು, ಡಾಂಬರಿನ ಮೇಲೆ ಕೂತು
ಮಟ್ಟಗೋಲು ಇಟ್ಟು ತೋರಿಸಿದೆ.
ಗುಳ್ಳೆ ಬಲಕ್ಕೆ ಸರಿದು ನಿಂತಿತು.

'ರಸ್ತೆನೇ ವಾಲದಾ?'
'ಮಳೆ ನೀರು ಹರಿಯೋಕೆ. ಎಲ್ಲ ರಸ್ತೆನೂ ಹಿಂಗೇ.'

ಅವರು ಟವೆಲ್ಲು ಹೆಗಲಿಂದ ತೆಗೆದು
ಆ ಕಡೆ ನೋಡಿದರು, ಈ ಕಡೆ ನೋಡಿದರು.
ಹಾರನ್ನು ಹೊಡೆದುಕೊಂಡು ಒಂದು ಬಸ್ಸು ಬಂತು.
ಬದಿಗೆ ಸರಿದು ನಿಂತು, ದಾರಿ ಬಿಟ್ಟೆವು.